ಯು ಥಾಂಟ್ ಅವರ ‘ಯು’ ಉಡುಪಿ ಅಲ್ಲ

ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಯು ಥಾಂಟ್ ಹೆಸರಿನಲ್ಲಿರುವ ‘ಯು’ ಅಂದರೆ ಏನು ಅಂತ ಎಲ್ಲರೂ ಕೇಳುತ್ತಾರೆ. ಅದು ಇನಿಷಿಯಲ್ ಅಲ್ಲ. ಅದರ ಪಕ್ಕ ಚುಕ್ಕಿ ಇಡಬೇಡಿ. ಉತ್ತರ ಇಷ್ಟೇ. ನಾಳೆ ಪರೀಕ್ಷೆ ಇದ್ದವರು ಇಲ್ಲಿಗೇ ನಿಲ್ಲಿಸಿ ಹೋಗಬಹುದು.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವನು. ಸಂಜೆ ಹೊತ್ತು ಎಫ್‌ಡಿಎ, ಎಸ್‌ಡಿಎ, ಪಿಡಿಒ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗರಿಗೆ ಸಾಮಾನ್ಯ ಜ್ಞಾನ ಹೇಳಿಕೊಡುತ್ತೇನೆ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಗಳ ಪಟ್ಟಿಗೆ ಬಂದಾಗ ಮೊದಲ ಇಬ್ಬರನ್ನು ಬೇಗ ದಾಟಿಸಿ, ಮೂರನೆಯ ಹೆಸರಾದ ಥಾಂಟ್ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುವುದು ನನ್ನ ಚಾಳಿ. ಬರ್ಮಾದವರು (ಈಗಿನ ಮ್ಯಾನ್ಮಾರ್), ಆ ಕುರ್ಚಿಯಲ್ಲಿ ಕೂತ ಮೊದಲ ಏಷ್ಯಾದವರು, 1961 ರಿಂದ 1971 ರವರೆಗೆ. ಅದಕ್ಕೇ ಹುಡುಗರು ನನ್ನ ಬೆನ್ನ ಹಿಂದೆ ‘ತಂಟೆ ಮೇಷ್ಟ್ರು’ ಅನ್ನುತ್ತಾರೆ. ಗೊತ್ತಿದೆ. ಪರವಾಗಿಲ್ಲ.

ನನಗೆ ಸಿಟ್ಟು ಬರುವುದು ಪ್ರಶ್ನೆ ಕೇಳಿದ್ದಕ್ಕಲ್ಲ, ಕೇಳುವ ರೀತಿಗೆ. ‘ಸರ್, ಯು ಫುಲ್‌ಫಾರ್ಮ್ ಏನು?’ ಎಟಿಎಂಗೆ ಫುಲ್‌ಫಾರ್ಮ್ ಇರುತ್ತದೆ. ಮನುಷ್ಯನಿಗೂ ಇರುತ್ತದೇನ್ರೀ? ಮದುವೆ ಊಟದ ಪಂಕ್ತಿಯಲ್ಲಿ ಕೂತಾಗಲೂ ಎದುರಿನ ಎಲೆಯಿಂದ ಇದೇ ಪ್ರಶ್ನೆ. ಸಾರು ಬರುವಷ್ಟರಲ್ಲಿ ಉತ್ತರ ಮುಗಿಸಬೇಕಂತೆ.

ಬಯ್ದೆನಾದರೂ, ತಪ್ಪು ಅವರದ್ದಲ್ಲ. ನಮ್ಮಲ್ಲಿ ಹೆಸರಿನ ಮುಂದೆ ಒಂಟಿ ಅಕ್ಷರ ಇದ್ದರೆ ಅದು ಅಪ್ಪನದ್ದು ಅಥವಾ ಊರಿನದ್ದು. ಇಸ್ರೋ ಅಧ್ಯಕ್ಷರಾಗಿದ್ದ ಯು.ಆರ್. ರಾವ್ ಅವರ ಯು ಉಡುಪಿ. ಮಂಗಳೂರಿನ ಯು. ಶ್ರೀನಿವಾಸ ಮಲ್ಯರ ಯು ಉಳ್ಳಾಲ. ಹಾಗಾದರೆ ಥಾಂಟ್ ಅವರದ್ದು?

ಕೆಲವು ವರ್ಷಗಳ ಹಿಂದೆ ತಾಲೂಕು ಮಟ್ಟದ ರಸಪ್ರಶ್ನೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಪ್ರಶ್ನೆಗಳ ಕಟ್ಟಿನಲ್ಲಿ ಈ ಪ್ರಶ್ನೆಯನ್ನು ನಾನೇ ಸೇರಿಸಿದ್ದೆ. ಜಂಬದಿಂದಲೇ, ಅದನ್ನೂ ಹೇಳಿಬಿಡುತ್ತೇನೆ. ಒಂಬತ್ತನೇ ತರಗತಿಯ ಒಬ್ಬ ಸಣ್ಣ ಹುಡುಗ ಎಲ್ಲರಿಗಿಂತ ಮೊದಲು ಬೆಲ್ ಒತ್ತಿದ. ಎದ್ದು ನಿಂತು, ಒಂದಿಷ್ಟೂ ಅಳುಕಿಲ್ಲದೆ ‘ಉಡುಪಿ, ಸರ್’ ಅಂದ. ಸಭಾಂಗಣವೆಲ್ಲ ನಗು. ಮುಖ್ಯ ಅತಿಥಿಗಳು ಮೈಕ್ ಎಳೆದುಕೊಂಡು ‘ಅರ್ಧ ಮಾರ್ಕು ಕೊಡಿ ಮೇಷ್ಟ್ರೇ, ಹುಡುಗ ಚುರುಕಿದ್ದಾನೆ’ ಅಂದರು. ನಾನು ಕೊಡಲಿಲ್ಲ. ತಪ್ಪು ತಪ್ಪೇ ಅಂದೆ. ಅವರ ತಂಡ ಮೂರನೆಯದಾಯಿತು. ಬಹುಮಾನ ಇದ್ದದ್ದು ಎರಡೇ.

ಅವತ್ತು ಮೈಕಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಅವರ ಹೆಸರು ಬರೀ ಥಾಂಟ್. ಒಂದೇ ಹೆಸರು. ಬರ್ಮಾದಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಇಲ್ಲ. ಇಂಗ್ಲಿಷಿನಲ್ಲಿ ‘ಯು’ ಅಕ್ಷರದಿಂದ ಬರೆಯುವ ಈ ಪದವನ್ನು ಅವರು ‘ಊ’ ಅನ್ನುತ್ತಾರೆ. ಅಂದರೆ ಮಾವ, ಚಿಕ್ಕಪ್ಪ, ಯಜಮಾನರು, ಎಲ್ಲಾ ಸೇರಿದ ಒಂದು ಮರ್ಯಾದೆ. ಚಿಕ್ಕವನಿದ್ದಾಗ ಮೌಂಗ್ ಥಾಂಟ್, ತಮ್ಮ ಅಂದ ಹಾಗೆ. ಆಮೇಲೆ ಕೋ ಥಾಂಟ್, ಅಣ್ಣ. ವಯಸ್ಸು, ಸ್ಥಾನ ಬಂದ ಮೇಲೆ ಊ ಥಾಂಟ್. ಪೇಪರಿನವರು ‘ಮಿಸ್ಟರ್ ಯು ಥಾಂಟ್’ ಅಂತ ಬರೆದರೆ ಅದು ‘ಶ್ರೀ ಶ್ರೀ ಥಾಂಟ್’ ಆಗುತ್ತದೆ. ಮಠಕ್ಕೆ ಕಳಿಸಿದ ಹಾಗೆ. ಹೆಂಗಸರಿಗೆ ಇದೇ ಜಾಗದಲ್ಲಿ ‘ಡಾ’ ಬರುತ್ತದೆ. ಡಾ ಆಂಗ್ ಸಾನ್ ಸೂಕಿ ಅಂತ ಓದಿದ ನನ್ನ ಸಹೋದ್ಯೋಗಿಯೊಬ್ಬರು ‘ಯಾವ ವಿಷಯದಲ್ಲಿ ಪಿಎಚ್‌ಡಿ?’ ಅಂದಿದ್ದರು.

ಸರಿ. ಯಾರಾದರೂ ಒಬ್ಬರು ನನ್ನನ್ನು ಬೇರೆ ಏನಾದರೂ ಕೇಳಬಾರದಾ? ಒಬ್ಬ ಹೈಸ್ಕೂಲ್ ಹೆಡ್‌ಮಾಸ್ಟರು ನ್ಯೂಯಾರ್ಕ್ ಮುಟ್ಟಿದ್ದು ಹೇಗೆ ಅಂತ ಕೇಳಿ.

ಊರು ಪಾಂಟನಾ. ಐರಾವತಿ ನದಿ ಸಮುದ್ರ ಸೇರುವ ಕಡೆಯ ಭತ್ತದ ಸೀಮೆ. ಹುಟ್ಟಿದ್ದು 1909. ಹದಿನಾಲ್ಕಕ್ಕೆ ಅಪ್ಪ ಹೋದರು. ಆಸ್ತಿ ಜಗಳದಲ್ಲಿ ಮನೆ ಸೊರಗಿತು. ನಾಲ್ಕು ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಹಾಗಾಗಿ ಆಗಿನ ರಾಜಧಾನಿ ರಂಗೂನಿನಲ್ಲಿ ಎರಡೇ ವರ್ಷ ಓದಿ, ಊರಿಗೆ ಬಂದು ಮೇಷ್ಟ್ರಾದರು. ಪದವಿ ಪೂರ್ತಿ ಆಗಲೇ ಇಲ್ಲ. ಇಪ್ಪತ್ತರ ಹರೆಯದಲ್ಲೇ ಹೆಡ್‌ಮಾಸ್ಟರು. ಅದೇ ಶಾಲೆಯಲ್ಲಿ ಗೆಳೆಯ ಊ ನು ಕೂಡ ಇದ್ದರು. 1948 ರಲ್ಲಿ ಬರ್ಮಾ ಸ್ವತಂತ್ರವಾದಾಗ ಆ ಗೆಳೆಯ ಪ್ರಧಾನಿ. ಥಾಂಟ್ ಅವರಿಗೆ ಸರ್ಕಾರದಲ್ಲಿ ಕೆಲಸ ಸಿಕ್ಕಿತು. 1955 ರಲ್ಲಿ ಏಷ್ಯಾ, ಆಫ್ರಿಕಾ ದೇಶಗಳ ಬಾಂಡುಂಗ್ ಸಮ್ಮೇಳನದ ಓಡಾಟ, 1957 ರಲ್ಲಿ ವಿಶ್ವಸಂಸ್ಥೆಯಲ್ಲಿ ಬರ್ಮಾದ ಪ್ರತಿನಿಧಿ. ವಶೀಲಿ ಅಂತೀರಾ? ಅನ್ನಿ. ಆದರೆ 1961 ರಲ್ಲಿ ಆಗಿನ ಪ್ರಧಾನ ಕಾರ್ಯದರ್ಶಿ ಹ್ಯಾಮರ್‌ಶೋಲ್ಡ್ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅಮೆರಿಕ, ರಷ್ಯಾ ಎರಡೂ ‘ಆಗಬಹುದು’ ಅಂದದ್ದು ಈ ಮೇಷ್ಟ್ರಿಗೆ. ಅಷ್ಟು ದೂರಕ್ಕೆ ಯಾವ ವಶೀಲಿಯೂ ನಡೆಯುವುದಿಲ್ಲ.

ಮೇಷ್ಟ್ರತನ ಎಲ್ಲಿ ಕೆಲಸಕ್ಕೆ ಬಂತು ಅಂದರೆ ಮರುವರ್ಷದ ಕ್ಯೂಬಾ ಬಿಕ್ಕಟ್ಟಿನಲ್ಲಿ. ರಷ್ಯಾ ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟಿತ್ತು, ಅಮೆರಿಕ ಹಡಗುಗಳಿಗೆ ಅಡ್ಡ ನಿಂತಿತ್ತು. 1962 ರ ಅಕ್ಟೋಬರ್ 24 ರಂದು ಅಮೆರಿಕದ ಕೆನಡಿಗೂ ರಷ್ಯಾದ ಕ್ರುಶ್ಚೇವ್‌ಗೂ ಒಂದೇ ಮಾತಿನ ಪತ್ರ ಬರೆದರು. ನೀವು ಕ್ಯೂಬಾಗೆ ಶಸ್ತ್ರ ಕಳಿಸುವುದನ್ನು ನಿಲ್ಲಿಸಿ, ನೀವು ಹಡಗು ತಡೆಯುವುದನ್ನು ನಿಲ್ಲಿಸಿ, ಎರಡು ಮೂರು ವಾರ ಮಾತಾಡೋಣ. ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಇಬ್ಬರು ದೊಡ್ಡ ಹುಡುಗರು ಕಾಲರ್ ಹಿಡಿದುಕೊಂಡಾಗ ಯಾರು ಮೊದಲು ಬಿಡಬೇಕು ಅನ್ನುವುದೇ ಕಷ್ಟ. ಮೇಷ್ಟ್ರು ಹೇಳಿದರು ಅಂತ ಬಿಟ್ಟರೆ ಮಾನ ಉಳಿಯುತ್ತದೆ. ಕ್ರುಶ್ಚೇವ್ ಮರುದಿನವೇ ಒಪ್ಪಿದರು. ತಿಂಗಳ ಕೊನೆಗೆ ಇವರೇ ಹವಾನಾಕ್ಕೆ ಹೋಗಿ ಕ್ಯೂಬಾದ ನಾಯಕ ಕ್ಯಾಸ್ಟ್ರೋ ಜೊತೆ ಕೂತರು. ಕ್ಷಿಪಣಿ ತೆಗೆದರೋ ಇಲ್ಲವೋ ಅನ್ನುವ ತಪಾಸಣೆಗೆ ಕ್ಯಾಸ್ಟ್ರೋ ಒಪ್ಪಲಿಲ್ಲ ಬಿಡಿ, ಆ ಹುಡುಗನೇ ಬೇರೆ.

1965 ರಲ್ಲಿ ನಮ್ಮ ಯುದ್ಧದ ನಡುವೆ ರಾವಲ್ಪಿಂಡಿಗೂ ದೆಹಲಿಗೂ ಬಂದಿದ್ದರು. 1967 ರಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಕೇಳಿದ ತಕ್ಷಣ ಸಿನಾಯಿಯಿಂದ ವಿಶ್ವಸಂಸ್ಥೆಯ ಪಡೆ ವಾಪಸ್ ಕರೆಸಿಕೊಂಡರು. ಮೂರು ವಾರದೊಳಗೆ ಇಸ್ರೇಲ್ ಜೊತೆ ಯುದ್ಧ. ಈಜಿಪ್ಟ್ ನೆಲದಲ್ಲಿ ಈಜಿಪ್ಟ್ ಬೇಡ ಅಂದ ಮೇಲೆ ಇರುವುದು ಹೇಗೆ ಅನ್ನುವುದು ಅವರ ವಾದ. ಕಾಯಿದೆ ಪ್ರಕಾರ ಸರಿಯೇ. ಸ್ವಲ್ಪ ಎಳೆದಾಡಬಹುದಿತ್ತು ಅಂತ ನನಗೂ ಅನ್ನಿಸುತ್ತದೆ. ಅಭಿಮಾನಿ ಅಂದ ಮಾತ್ರಕ್ಕೆ ಕುರುಡನಲ್ಲ.

ಆದರೆ ನಿಜವಾಗಿ ನೀವು ಕೇಳಬೇಕಿದ್ದದ್ದು ಇದು: ಸತ್ತ ಮೇಲೆ ಏನಾಯಿತು?

1974 ರ ನವೆಂಬರ್ 25. ನ್ಯೂಯಾರ್ಕ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್. ವಿಶ್ವಸಂಸ್ಥೆಯ ಕಟ್ಟಡದಲ್ಲಿ ದೇಹವನ್ನು ದರ್ಶನಕ್ಕಿಟ್ಟರು. ಡಿಸೆಂಬರ್ 1 ಕ್ಕೆ ವಿಮಾನದಲ್ಲಿ ರಂಗೂನು. ಅಷ್ಟು ಹೊತ್ತಿಗೆ ಬರ್ಮಾ ಜನರಲ್ ನೆ ವಿನ್ ಕೈಯಲ್ಲಿತ್ತು. ಊ ನು ಅವರನ್ನು ಇಳಿಸಿ ಬಂದವನು. ಇಳಿಸಿದವನಿಗೆ, ಇಳಿದವನ ಗೆಳೆಯನನ್ನು ಕಂಡರೆ ಆಗದು. ಸರ್ಕಾರಿ ಗೌರವ ಇಲ್ಲ ಅಂದುಬಿಟ್ಟರು. ವಿಮಾನ ನಿಲ್ದಾಣಕ್ಕೆ ಬಂದ ಸರ್ಕಾರದ ದೊಡ್ಡ ಮನುಷ್ಯ ಒಬ್ಬರೇ, ಶಿಕ್ಷಣ ಇಲಾಖೆಯ ಉಪಮಂತ್ರಿ. ಆಮೇಲೆ ಅವರ ಕೆಲಸವೂ ಹೋಯಿತು. ಶಿಕ್ಷಣ ಇಲಾಖೆಯವರು ನೋಡಿ. ನನಗೆ ಅದು ಯಾಕೋ ತಟ್ಟುತ್ತದೆ.

ಹಳೆಯ ಕುದುರೆ ರೇಸಿನ ಮೈದಾನದಲ್ಲಿ ಪೆಟ್ಟಿಗೆ ಇಟ್ಟರು. ಜನ ದಿನಗಟ್ಟಲೆ ಬಂದು ಕೈಮುಗಿದರು. ಡಿಸೆಂಬರ್ 5 ಕ್ಕೆ ಸಾಧಾರಣ ಸ್ಮಶಾನದಲ್ಲಿ ಮಣ್ಣು ಮಾಡುವುದು ಅಂತ ಇತ್ತು. ಅವತ್ತು ಕಾಲೇಜು ಹುಡುಗರು ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರು. ನೇರ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಹಿಂದೆ ವಿದ್ಯಾರ್ಥಿ ಸಂಘದ ಕಟ್ಟಡ ಇತ್ತು. 1962 ರ ಜುಲೈನಲ್ಲಿ ಸೈನ್ಯ ಅದನ್ನು ಡೈನಮೈಟ್ ಇಟ್ಟು ಉರುಳಿಸಿತ್ತು. ಆ ಖಾಲಿ ಜಾಗದಲ್ಲಿ ಹುಡುಗರು ತಾವೇ ಸಮಾಧಿ ಕಟ್ಟಿದರು, ಭಾಷಣ ಮಾಡಿದರು, ಕಾವಲು ಕೂತರು. ಊರಿನ ದೊಡ್ಡ ಬೌದ್ಧ ಸ್ತೂಪ ಶ್ವೇಡಗಾನ್ ಪಗೋಡದ ಹತ್ತಿರ ಜಾಗ ಕೊಡುತ್ತೇವೆ ಅಂತ ಸರ್ಕಾರ ಒಂದು ಹೆಜ್ಜೆ ಹಿಂದೆ ಬಂತು. ಮನೆಯವರು ಒಪ್ಪಿದರು. ಹುಡುಗರಲ್ಲಿ ಕೆಲವರು ಒಪ್ಪಲಿಲ್ಲ. ಡಿಸೆಂಬರ್ 11 ರ ನಸುಕಿನಲ್ಲಿ ಸೈನ್ಯ, ಪೊಲೀಸು ಒಳಗೆ ನುಗ್ಗಿದರು. ಗುಂಡು ಹಾರಿತು, ಹುಡುಗರು ಸತ್ತರು. ಪೆಟ್ಟಿಗೆಯನ್ನು ಕಿತ್ತುಕೊಂಡು ಹೋಗಿ ಪಗೋಡದ ಬುಡದಲ್ಲಿ ಹೂತರು. ಊರಲ್ಲಿ ಗಲಭೆ, ಮಿಲಿಟರಿ ಕಾನೂನು.

ಎರಡು ದೇಶಗಳ ಬಾಂಬು ನಿಲ್ಲಿಸಲು ಪತ್ರ ಬರೆದವರ ಹೆಣಕ್ಕೆ ಅವರ ಊರಿನಲ್ಲೇ ಗುಂಡು. ಸೈನ್ಯ ಕೊಡಲ್ಲ ಅಂದದ್ದು ಏನನ್ನು? ಆ ಒಂದು ‘ಊ’ವನ್ನು. ಕ್ಲಾಸಿನಲ್ಲಿ ಇದನ್ನು ಹೇಳಿದ ದಿನ ಹಿಂದಿನ ಬೆಂಚಿನವರೂ ಗಡಿಯಾರ ನೋಡಲಿಲ್ಲ. ಮುಗಿದ ಮೇಲೆ ಒಬ್ಬ ಕೈ ಎತ್ತಿದ. ‘ಸರ್, ಇದು ಸಿಲೆಬಸ್‌ನಲ್ಲಿ ಇದೆಯಾ?’

ಇನ್ನೊಂದು ಹೇಳಬೇಕು. ಇದನ್ನು ಬರೆಯಲು ಕೂತದ್ದೇ ಅದಕ್ಕೆ. ಬರ್ಮಾದಲ್ಲಿ ಇವರನ್ನು ಬರೀ ಊ ಥಾಂಟ್ ಅನ್ನುವುದಿಲ್ಲವಂತೆ. ಆ ಹೆಸರಿನವರು ಬೇಕಾದಷ್ಟು ಜನ ಇರುತ್ತಾರಲ್ಲ, ಅದಕ್ಕೆ ಮುಂದೆ ಊರು ಸೇರಿಸಿ ಪಾಂಟನಾ ಊ ಥಾಂಟ್ ಅನ್ನುತ್ತಾರೆ. ಥೇಟ್ ನಮ್ಮ ಹಾಗೆ. ರಸಪ್ರಶ್ನೆಯ ದಿನ ನನಗೆ ಇದು ಗೊತ್ತಿರಲಿಲ್ಲ. ಹುಡುಗ ಅಕ್ಷರ ತಪ್ಪಿದ್ದ, ಊರು ತಪ್ಪಿದ್ದ. ಆದರೆ ಹೆಸರಿನ ಮುಂದೆ ಊರು ಇರಬೇಕು ಅಂತ ಅವನಿಗೆ ಅನ್ನಿಸಿದ್ದು ತಪ್ಪಾಗಿರಲಿಲ್ಲ. ಈಗ ಅವನು ಎಲ್ಲಿ ಓದುತ್ತಿದ್ದಾನೋ. ಇದು ಕಣ್ಣಿಗೆ ಬಿದ್ದರೆ, ತಮ್ಮಾ, ನಿನ್ನ ಅರ್ಧ ಮಾರ್ಕು ನನ್ನ ಹತ್ತಿರ ಬಾಕಿ ಇದೆ.