ನಂದಿಬೆಟ್ಟ ಬಿಟ್ಟು ನಂದಿ ಹಾಲ್ಟ್‌ಗೆ

2024 ನವೆಂಬರ್ 16, ಶನಿವಾರ

ಈ ಸಲ ಬೆಟ್ಟ ಬೇಡ, ಬೆಟ್ಟದ ಬುಡದ ರೈಲ್ವೆ ಸ್ಟೇಷನ್ ನೋಡಿ ಬರ್ತೀನಿ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಶನಿವಾರ, ಭಾನುವಾರ ಬಂದರೆ ನಂದಿಬೆಟ್ಟದ ದಾರಿಯಲ್ಲಿ ಕಾರು ಬೈಕುಗಳ ಜಾತ್ರೆ. ನಂದಿ ಹಾಲ್ಟ್‌ನಲ್ಲಿ ಮಾತ್ರ ಇವತ್ತು ಎಂಟು ಹತ್ತು ಜನ ಇದ್ದರೆ ಹೆಚ್ಚು.

ಈ ಸ್ಟೇಷನ್ ಕಟ್ಟಿದ್ದು 1915ರಲ್ಲಿ, ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆಗೆ. ಹಳಿಗಳ ನಡುವೆ ಎರಡೂವರೆ ಅಡಿ ಅಂತರ, ಅಂದರೆ ನ್ಯಾರೋ ಗೇಜ್. ಈ ಸೀಮೆಯ ರೇಷ್ಮೆ, ಆಲೂಗಡ್ಡೆ ಬೆಂಗಳೂರಿಗೆ ಹೋಗಲಿ ಅನ್ನೋದು ಮುಖ್ಯ ಲೆಕ್ಕಾಚಾರ. ಆಗ ಮೈಸೂರಿನ ದಿವಾನರು ವಿಶ್ವೇಶ್ವರಯ್ಯನವರು. ಅವರ ಹುಟ್ಟೂರು ಮುದ್ದೇನಹಳ್ಳಿ ಇಲ್ಲೇ ಪಕ್ಕದಲ್ಲಿ. ತಮ್ಮೂರಿನ ಕಡೆಗೆ ರೈಲು ಹಾಕಿಸಿಕೊಂಡರು ಅಂತ ಆಗಲೂ ಯಾರಾದರೂ ಗೊಣಗಿದ್ದರೋ ಏನೋ!

ಆಮೇಲೆ ಅಗಲ ಹಳಿ, ಅಂದರೆ ಬ್ರಾಡ್ ಗೇಜ್ ಬಂತು. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗದ ಕೆಲಸ ಮುಗಿದದ್ದು 2013ರಲ್ಲಿ. ಹಳಿ ಹೊಸದಾಯಿತು, ಹಳೆಯ ಕಟ್ಟಡಗಳು ಅನಾಥವಾದವು. ಬೀಗ ಹಾಕಿದ ಕಟ್ಟಡದ ಗತಿ ಗೊತ್ತಲ್ಲ, ಮೊದಲು ಕಿಟಕಿ ಹೋಗುತ್ತದೆ, ಆಮೇಲೆ ಬಾಗಿಲು, ಕೊನೆಗೆ ಹೆಂಚು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್, ಈ ನಾಲ್ಕೂ ಕಟ್ಟಡಗಳಿಗೆ ಮತ್ತೆ ಜೀವ ಕೊಡುವ ಕೆಲಸವನ್ನು, ಪಾರಂಪರಿಕ ಕಟ್ಟಡಗಳನ್ನು ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ನೈಋತ್ಯ ರೈಲ್ವೆಯ ಜೊತೆ ಸೇರಿ ಕೈಗೆತ್ತಿಕೊಂಡಿತು.

ಸುಮ್ನೆ ಬಣ್ಣ ಬಳಿದರೆ ಆಗುವ ಕೆಲಸ ಅಲ್ಲ ಇದು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಮೇಲೆ ನುಣ್ಣಗೆ ಕಾಣುತ್ತಲೇ ಗೋಡೆ ಒಳಗೊಳಗೇ ಪುಡಿಯಾಗುತ್ತದೆ. ನಮ್ಮೂರಿನ ಎಷ್ಟು ಗುಡಿಗಳು ಹೀಗೆ 'ಜೀರ್ಣೋದ್ಧಾರ'ವಾಗಿ ಹಾಳಾಗಿವೆ! ಇಲ್ಲಿ ಮಾಡಿಗೆ ಮಂಗಳೂರು ಹೆಂಚೇ ಇದೆ. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ರೀಪರುಗಳ ಮೇಲೆ ಹೆಂಚು ಒಂದಕ್ಕೊಂದು ಕಚ್ಚಿಕೊಂಡು ಕೂತಿರುವುದು ಕಾಣುತ್ತದೆ. ಒಂದು ಒಡೆದರೆ ಅದೊಂದನ್ನೇ ಎತ್ತಿ ಬದಲಾಯಿಸಬಹುದು. ಹೊರಗೆ ಹನ್ನೊಂದರ ಬಿಸಿಲು ಚುರುಗುಟ್ಟುತ್ತಿದ್ದರೂ ಅದರಡಿ ತಣ್ಣಗಿತ್ತು.

ನಾನು ಫೋಟೋ ತೆಗೆಯುವುದನ್ನು ನೋಡಿ, ಕಲ್ಲಿನ ಮೇಲೆ ಕೂತಿದ್ದ ಹಿರಿಯರೊಬ್ಬರು "ಏನ್ ಸಾರ್, ಶೂಟಿಂಗಾ?" ಅಂದರು. ಇಲ್ಲ ಯಜಮಾನ್ರೇ, ಸುಮ್ನೆ ನೋಡೋಕೆ ಬಂದೆ ಅಂದೆ. ಚಿಕ್ಕ ರೈಲಿನ ಕಾಲದಲ್ಲಿ ಓಡಾಡಿದವರಂತೆ. "ದಿಣ್ಣೆ ಬಂದ್ರೆ ಇಳ್ದು ಒಂದ್ ಬೀಡಿ ಸೇದಿ ಮತ್ತೆ ಹತ್ಕೋಬೋದಿತ್ತು" ಅಂತ ನಕ್ಕರು. ಇದರಲ್ಲಿ ಎಷ್ಟು ನಿಜವೋ, ಕೇಳೋಕೆ ಮಾತ್ರ ಚೆನ್ನಾಗಿತ್ತು. ಈಗ ರೈಲಲ್ಲಿ ಹೋಗ್ತೀರಾ ಅಂದಿದ್ದಕ್ಕೆ, "ನಮ್ಗೆ ಬೇಕಾದ ಹೊತ್ಗೆ ಎಲ್ಲಿ ಬತ್ತದೆ ಸಾರ್? ಬಸ್ಸೇ ವಾಸಿ" ಅಂದರು.

ಅವರು ಹೇಳಿದ್ದು ಸರಿ ಅನ್ನಿಸಿತು. ದೊಡ್ಡಜಾಲ ದಾಟಿದ ಮೇಲೆ ವಿಮಾನ ನಿಲ್ದಾಣಕ್ಕೆಂದೇ 2021ರಲ್ಲಿ ಹೊಸ ಹಾಲ್ಟ್ ಮಾಡಿದರು. ಆದರೂ ಜನ ಟ್ಯಾಕ್ಸಿಗೇ ಜಾಸ್ತಿ ದುಡ್ಡು ಸುರಿಯುತ್ತಾರೆ, ಯಾಕಂದರೆ ತಮ್ಮ ಹೊತ್ತಿಗೆ ರೈಲಿರುವುದಿಲ್ಲ. ನಂದಿಯಲ್ಲೂ ಅದೇ ಕಥೆ. ರಜಾದಿನ ಬೆಳಿಗ್ಗೆ ಬೇಗ ಒಂದು ರೈಲು, ಇಳಿದವರನ್ನು ಬೆಟ್ಟಕ್ಕೆ ಕರೆದೊಯ್ಯಲು ಒಂದು ಬಸ್ಸು. ಇಷ್ಟು ಹೊಂದಿಸಿದರೆ ಬೆಟ್ಟದ ಕಾರಿನ ಸಾಲೂ ಕರಗುತ್ತದೆ, ಈ ಕಟ್ಟಡವೂ ಉಳಿಯುತ್ತದೆ. ದಿನಾ ಟಿಕೆಟ್ ಕೊಟ್ಟು, ಕಸ ಗುಡಿಸಿ, ಜನ ಕೂತು ಎದ್ದರೆ ಯಾವ ಹೆಂಚು ಜಾರಿದೆ ಅಂತ ಅವತ್ತೇ ಗೊತ್ತಾಗುತ್ತದೆ ಅಲ್ವಾ?

ನೀವು ಹೋಗುವುದಾದರೆ ರೈಲಿನ ವೇಳೆ ಮೊದಲೇ ನೋಡಿಕೊಳ್ಳಿ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನವೂ ಹತ್ತಿರವೇ ಇದೆ. ನಾನು ಬಸ್ಸಲ್ಲೇ ವಾಪಸ್ ಬಂದೆ.