ಯು ಇಲ್ಲದ ಕ್ಯೂ: ಸ್ಕ್ರ್ಯಾಬಲ್‌ನ ಪುಟ್ಟ ಪದಗಳು, ಅವುಗಳ ಅರ್ಥ

ಇಂಗ್ಲಿಷ್ ಅಕ್ಷರದ ಬಿಲ್ಲೆಗಳಿಂದ (ಟೈಲ್) ಬೋರ್ಡ್ ಮೇಲೆ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವಾಗ ಕೈಗೆ ಕ್ಯೂ ಬಂದರೆ ಬಹಳ ಜನ ಯು ಬರಲಿ ಅಂತ ಕಾಯುತ್ತಾ ಕೂರುತ್ತಾರೆ. ಲೆಕ್ಕ ಹಾಕಿ ನೋಡಿ. ಚೀಲದ 100 ಟೈಲ್‌ಗಳಲ್ಲಿ ಯು ಇರುವುದು ಬರೀ 4. ಎ 9 ಇವೆ, ಐ ಕೂಡ 9. ಕ್ಯೂ-ಎ, ಕ್ಯೂ-ಐ ಜೋಡಿಗಳ ಪದ ಗೊತ್ತಿದ್ದವರಿಗೆ 18 ಟೈಲ್ ನೆರವಿಗಿವೆ, ಗೊತ್ತಿಲ್ಲದವರಿಗೆ 4. ಕಾಯುತ್ತಾ ಕೂತಷ್ಟು ಹೊತ್ತೂ ನೀವು ಕೈಯಲ್ಲಿರುವ ಏಳರ ಬದಲು ಆರೇ ಟೈಲ್‌ಗಳಲ್ಲಿ ಆಡುತ್ತಿರುತ್ತೀರಿ, ಏಳನ್ನೂ ಒಟ್ಟಿಗೆ ಇಳಿಸಿ 50 ಪಾಯಿಂಟ್ ಬೋನಸ್ ಹೊಡೆಯುವ ಅವಕಾಶ ಕೈತಪ್ಪುತ್ತದೆ.

ಕ್ಯೂ ಆದ ಮೇಲೆ ಯು ಬರಲೇಬೇಕು ಎಂಬುದು ಶಾಲೆಯಲ್ಲಿ ಕಲಿತ ನಿಯಮ. ಹಳೆಯ ಇಂಗ್ಲಿಷಿನಲ್ಲಿ ಕ್ಯೂ-ಯು ಜಾಗದಲ್ಲಿ ಸಿ-ಡಬ್ಲ್ಯೂ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಲಿಪಿಕಾರರು ಫ್ರೆಂಚ್ ಪದ್ಧತಿಯಂತೆ ಕ್ಯೂ-ಯು ಬರೆಯತೊಡಗಿದರು. ಯು ಇಲ್ಲದ ಪದಗಳು ಹೆಚ್ಚಾಗಿ ಬೇರೆ ಬಾಗಿಲಿನಿಂದ ಬಂದವು: ಅರಬ್ಬಿ, ಹೀಬ್ರೂ, ಚೀನೀ. ಅರಬ್ಬಿಯಲ್ಲಿ ಎರಡು ಕಕಾರಗಳಿವೆ. ಗಂಟಲಿನ ಆಳದಿಂದ ಬರುವ ಕಾಫ್ ಅಕ್ಷರಕ್ಕೆ ರೋಮನ್ ಲಿಪಿಯಲ್ಲಿ ಕ್ಯೂ ಹಾಕುತ್ತಾರೆ. ಅದೇ ಪದಗಳು ಪಾರ್ಸಿ, ಉರ್ದು, ದಖನಿ ಮೂಲಕ ಕನ್ನಡಕ್ಕೂ ಬಂದಿವೆ, ನಾವು ಅವನ್ನು ಕ ಅಥವಾ ಖ ಎಂದು ಬರೆಯುತ್ತೇವೆ. ಹಾಗಾಗಿ ಇವುಗಳಲ್ಲಿ ಅರ್ಧದಷ್ಟು ಕನ್ನಡ ಓದುಗರಿಗೆ ಮೊದಲೇ ಗೊತ್ತು. ಕಲಿಯಬೇಕಿರುವುದು ಸ್ಪೆಲ್ಲಿಂಗ್ ಮಾತ್ರ.

ಎಲ್ಲಕ್ಕಿಂತ ಮೊದಲು ಕ್ಯೂ-ಐ. ಉಚ್ಚಾರ ಚೀ, ಚೀನೀಯರು ಹೇಳುವ ಪ್ರಾಣಶಕ್ತಿ. ಕ್ಯೂಗೆ 10, ಐಗೆ 1, ಒಟ್ಟು 11 ಪಾಯಿಂಟ್. ಕೊನೆಗೆ ಎಸ್ ಸೇರಿಸಬಹುದು. ಎನ್ ಸೇರಿಸಿದರೆ ಚಿನ್ ಎಂಬ ಚೀನೀ ತಂತಿವಾದ್ಯ, ಅದು ಕಾಲಿನ್ಸ್ ಪಟ್ಟಿಯಲ್ಲಿದೆ (ಆಟದಲ್ಲಿ ಒಪ್ಪುವ ಪದಗಳ ಒಂದು ಪಟ್ಟಿ). ಅಮೆರಿಕದ ಪಟ್ಟಿಗೆ ಕ್ಯೂ-ಐ ಸೇರಿದ್ದು 2006ರಲ್ಲಿ. ಭಾರತದ ಟೂರ್ನಿಗಳಲ್ಲಿ ಕಾಲಿನ್ಸ್ ನಡೆಯುತ್ತದೆ. ಮನೆಯಲ್ಲಿ ಆಡುವವರು ಯಾವ ಪಟ್ಟಿ ಎಂಬುದನ್ನು ಟೈಲ್ ತೆಗೆಯುವ ಮೊದಲೇ ಮಾತಾಡಿಕೊಳ್ಳಿ.

ಕ್ಯೂ-ಐ ಇಡುವ ಜಾಗದಲ್ಲೇ ಅದರ ಬೆಲೆಯೆಲ್ಲ ಇದೆ. ಬೋರ್ಡ್ ಮೇಲೆ ಮೇಲಿನಿಂದ ಕೆಳಕ್ಕೆ ಹೋಗುವ ಒಂದು ಪದದಲ್ಲಿ ಐ ಇದೆ, ಅದರ ಬಲಕ್ಕೆ ಏನೂ ಇಲ್ಲ, ಎಡಕ್ಕೆ ಟ್ರಿಪಲ್ ಲೆಟರ್ ಮನೆ (ಅಲ್ಲಿಟ್ಟ ಅಕ್ಷರಕ್ಕೆ ಮೂರು ಪಟ್ಟು ಪಾಯಿಂಟ್) ಖಾಲಿ ಇದೆ ಅಂದುಕೊಳ್ಳಿ. ಆ ಮನೆಯಲ್ಲಿ ಕ್ಯೂ ಇಟ್ಟು, ಅದರ ಕೆಳಗೆ ನಿಮ್ಮ ಐ ಇಡಿ. ಅಡ್ಡಕ್ಕೊಂದು ಕ್ಯೂ-ಐ, ಉದ್ದಕ್ಕೊಂದು ಕ್ಯೂ-ಐ. ಒಂದೊಂದಕ್ಕೂ 30 ಮತ್ತು 1, ಎರಡೂ ಸೇರಿ 62. ಜನ ಎಡವುವುದು ಇಲ್ಲೇ: ನಿಮ್ಮ ಐ ಪಕ್ಕದಲ್ಲಿ ಆ ಹಳೆಯ ಪದದ ಮುಂದಿನ ಅಕ್ಷರ ಬಂದಿರುತ್ತದೆ, ಅದರ ಜೊತೆಗೂ ಪದ ಆಗಬೇಕು. ಅದು ಡಿ, ಎಫ್, ಎನ್, ಓ, ಎಸ್, ಟಿ ಈ ಆರರಲ್ಲಿ ಒಂದಾಗಿದ್ದರೆ ಸರಿ, ಇನ್ನೂ ಒಂದಷ್ಟು ಪಾಯಿಂಟ್ ಸಿಗುತ್ತದೆ. ಜಿ ಅಥವಾ ಎಲ್ ಇದ್ದರೆ ಎದುರಾಳಿ ಚಾಲೆಂಜ್ ಮಾಡಿ, ಅಂದರೆ ಅಂಥ ಪದವಿಲ್ಲ ಎಂದು ಪ್ರಶ್ನಿಸಿ, ಆ ಸರದಿಯಲ್ಲಿ ನೀವು ಇಟ್ಟ ಟೈಲ್‌ಗಳನ್ನೆಲ್ಲ ಎತ್ತಿಸುತ್ತಾರೆ.

ಇನ್ನು ಕ್ಯೂ-ಎ ಜೋಡಿ. ಕ್ಯೂ-ಎ-ಟಿ ಅಂದರೆ ಯೆಮನ್, ಇಥಿಯೋಪಿಯಾ, ಸೊಮಾಲಿಯಾ ಕಡೆ ಜನ ಜಗಿಯುವ ಎಲೆ. ಎಲೆ-ಅಡಿಕೆಯ ಹಾಗೆ ದವಡೆಯಲ್ಲಿ ಒತ್ತಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಾರೆ, ನಿದ್ದೆ-ಹಸಿವು ದೂರ ಸರಿಯುತ್ತದೆ. ಪದಕ್ಕೆ 12 ಪಾಯಿಂಟ್.

ಕ್ಯೂ, ಎ, ಡಿ, ಐ ಈ ನಾಲ್ಕು ಅಕ್ಷರಕ್ಕೆ ಎರಡು ಪದ, ಎರಡಕ್ಕೂ 14 ಪಾಯಿಂಟ್. ಕ್ಯೂ-ಎ-ಡಿ-ಐ ನಮ್ಮ ಖಾಜಿ, ಅಂದರೆ ಇಸ್ಲಾಮೀ ನ್ಯಾಯಾಧೀಶ. ಕ್ಯೂ-ಎ-ಐ-ಡಿ ಎಂದರೆ ಮುಖಂಡ, ಉತ್ತರ ಆಫ್ರಿಕಾದ ಮುಸ್ಲಿಂ ನಾಯಕ. ಕನ್ನಡದವರು ಇದನ್ನು ಖೈದು ಎಂದುಕೊಂಡು ಸೆರೆಯ ಅರ್ಥ ಹಚ್ಚುವುದುಂಟು, ಆದರೆ ಅರಬ್ಬಿಯಲ್ಲಿ ಅವು ಬೇರೆ ಬೇರೆ ಪದಗಳು. ಜಿನ್ನಾ ಅವರ ಬಿರುದು ಕಾಯಿದ್-ಎ-ಆಜಂ ನೆನಪಿಟ್ಟುಕೊಂಡರೆ ಅರ್ಥ ಗಟ್ಟಿಯಾಗುತ್ತದೆ. ಎರಡು ಪದಗಳಿರುವುದರ ನಿಜವಾದ ಲಾಭ ಬೇರೆ: ಜಾಗಕ್ಕೆ ತಕ್ಕಂತೆ ಕೊನೆಯಲ್ಲಿ ಐ ಬೇಕೋ ಡಿ ಬೇಕೋ ನೀವೇ ಆರಿಸಿಕೊಳ್ಳಬಹುದು.

ಐದಕ್ಷರದ ಕ್ಯೂ-ಎ-ಎನ್-ಎ-ಟಿ ಇವುಗಳಲ್ಲೆಲ್ಲ ಸೊಗಸಾದ ಪದ. ಇರಾನಿನ ಭೂಗತ ನೀರಿನ ಕಾಲುವೆ ಅದು. ಎತ್ತರದ ಕಡೆ ಅಂತರ್ಜಲ ಸಿಗುವಲ್ಲಿ ತಾಯಿಬಾವಿ ತೋಡಿ, ಅಲ್ಲಿಂದ ತುಸುವೇ ಇಳಿಜಾರಾಗಿ ಸುರಂಗ ಕೊರೆಯುತ್ತಾರೆ. ಅಲ್ಲಲ್ಲಿ ನೆಲದಿಂದ ಸುರಂಗಕ್ಕೆ ನೇರ ಬಾವಿಗಳು, ಅಗೆದ ಮಣ್ಣು ಎತ್ತಲು ಮತ್ತು ಗಾಳಿಯಾಡಲು. ನೀರು ಎತ್ತುವ ಶ್ರಮವಿಲ್ಲ, ತಾನಾಗಿ ಹರಿದು ಬರುತ್ತದೆ. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನೇ ಕೊರೆದುಬಿಡುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಬೀದರ್‌ನ ನೌಬಾದ್‌ನಲ್ಲಿ ಬಹಮನಿ ಕಾಲದ ಇಂಥದ್ದೇ ರಚನೆ ಇದೆ, ಅಲ್ಲಿ ಅದನ್ನು ಕರೇಜ್, ಸುರಂಗ ಬಾವಿ ಎನ್ನುತ್ತಾರೆ. ಅದನ್ನು ನೋಡಿದವರು ಈ ಪದವನ್ನು ಮರೆಯಲಾರರು.

ಕ್ಯೂ ನಡುವೆ, ಕೊನೆಯಲ್ಲಿ ಬರುವ ಪದಗಳನ್ನೂ ಬಿಡಬೇಡಿ. ಡಬ್ಲ್ಯೂ-ಎ-ಕ್ಯೂ-ಎಫ್ ಪತ್ರಿಕೆಯಲ್ಲಿ ಓದುವ ವಕ್ಫ್, ಧರ್ಮಕಾರ್ಯಕ್ಕೆ ಬಿಟ್ಟ ಆಸ್ತಿ. ನಾಲ್ಕೇ ಅಕ್ಷರಕ್ಕೆ 19 ಪಾಯಿಂಟ್. ಟಿ-ಎ-ಎಲ್-ಎ-ಕ್ಯೂ ತಲಾಖ್, 14. ಎಫ್-ಎ-ಕ್ಯೂ-ಐ-ಆರ್ ಫಕೀರ, 17. ಎನ್-ಐ-ಕ್ಯೂ-ಎ-ಬಿ ಕಣ್ಣು ಮಾತ್ರ ಕಾಣುವ ಮುಖಪರದೆ, 16. ಎಸ್-ಯು-ಕ್ಯೂ ಅರಬ್ ಪೇಟೆ, 12. ಇದರಲ್ಲಿ ಯು ಇದೆ, ಆದರೆ ಕ್ಯೂಗೆ ಮೊದಲು. ಕ್ಯೂ-ಓ-ಪಿ-ಎಚ್ ಹೀಬ್ರೂ ವರ್ಣಮಾಲೆಯ 19ನೇ ಅಕ್ಷರ, ರೋಮನ್ ಕ್ಯೂನ ಹತ್ತಿರದ ನೆಂಟ, 18.

ಹಾಗೆಂದು ಉರ್ದುವಿನ ಎಲ್ಲ ಪದವೂ ನಡೆಯುವುದಿಲ್ಲ. ಹಕ್, ಇಶ್ಕ್ ಇವನ್ನು ಕ್ಯೂ ಹಾಕಿ ಇಟ್ಟರೆ ಚಾಲೆಂಜ್‌ನಲ್ಲಿ ಬೀಳುತ್ತವೆ. ಇರಾಕ್, ಕತಾರ್ ದೇಶಗಳ ಹೆಸರು, ಅಂಕಿತನಾಮಕ್ಕೆ ಜಾಗವಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಎ, ಐ ಎರಡೂ ಇಲ್ಲದೆ ಕ್ಯೂ ಕೈಯಲ್ಲೇ ಉಳಿಯಬಹುದು. ಬೋರ್ಡ್ ಮೇಲೂ ತೆರೆದ ಐ ಕಾಣದಿದ್ದರೆ ಒಂದು ಸರದಿ ಬಿಟ್ಟುಕೊಟ್ಟು ಬದಲಾಯಿಸುವುದೇ ಮೇಲು. ಆದರೆ ಚೀಲದಲ್ಲಿ 7 ಟೈಲ್ ಆದರೂ ಇರಬೇಕು, ಅದಕ್ಕಿಂತ ಕಡಿಮೆಯಾದರೆ ಬದಲಾಯಿಸುವಂತಿಲ್ಲ. ಎದುರಾಳಿ ಮೊದಲು ಟೈಲ್ ಖಾಲಿ ಮಾಡಿ ನಿಮ್ಮ ಬಳಿ ಕ್ಯೂ ಉಳಿದರೆ ನಿಮಗೆ 10 ಕಳೆದು ಅವರಿಗೆ 10 ಕೂಡುತ್ತದೆ, ಅಂತರ 20. ಆದ್ದರಿಂದ ಚೀಲ 15ಕ್ಕೆ ಇಳಿಯುವಷ್ಟರಲ್ಲೇ ಬೋರ್ಡ್ ಮೇಲೆ ಎಷ್ಟು ಐ ಹೋಗಿವೆ ಎಂದು ಎಣಿಸಿ. ಕೈಯಲ್ಲಿ ಕ್ಯೂ ಇದ್ದು ಜೊತೆಗೆ ಒಂದೇ ಐ ಇದ್ದರೆ, ಅದನ್ನು ಬೇರೆ ಯಾವ ಪದಕ್ಕೂ ಖರ್ಚು ಮಾಡಬೇಡಿ.