‘ಇನ್ನೂ ಚಮಚ ಯಾಕೆ?’

ಮದುವೆಮನೆಯ ಪಂಕ್ತಿಯಲ್ಲಿ ಕೂತು ಮಗನಿಗೆಂದು ಬ್ಯಾಗಿನಿಂದ ಚಮಚ ತೆಗೆದರೆ ಸಾಕು, ಪಕ್ಕದೆಲೆಯಿಂದ ಪ್ರಶ್ನೆ ಬಂದೇ ಬರುತ್ತದೆ: “ಒಂಬತ್ತು ವರ್ಷ ಆಯ್ತಲ್ವೇನಮ್ಮಾ, ಇನ್ನೂ ಕೈಯಲ್ಲಿ ಊಟ ಮಾಡೋದು ಕಲಿಸಿಲ್ವಾ?” ಅಲ್ಲಿ ನಕ್ಕು ಸುಮ್ಮನಾಗುತ್ತೇನೆ. ಉತ್ತರ ಇಲ್ಲಿ ಹೇಳುತ್ತೇನೆ.

ಕಲಿಸಿದ್ದೇನೆ. ನಾಲ್ಕು ವರ್ಷದಿಂದ ಕಲಿಸುತ್ತಲೇ ಇದ್ದೇನೆ.

ಮಗನಿಗಿರುವುದು ಡಿಸಿಡಿ (ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್), ಅಂದರೆ ಮೈಕೈಯ ಚಲನೆಗಳನ್ನು ಹೊಂದಿಸಿಕೊಳ್ಳುವುದೇ ಕಷ್ಟವಾಗುವ ತೊಂದರೆ. ಡಿಸ್‌ಪ್ರಾಕ್ಸಿಯಾ ಅಂತಲೂ ಕರೆಯುತ್ತಾರೆ. ಕೈಕಾಲಲ್ಲಿ ಶಕ್ತಿಯಿದೆ, ಬುದ್ಧಿ ಚುರುಕು. ಕೇರಂನಲ್ಲಿ ಯಾವ ಕಾಯಿನ್ ಹೊಡೆಯಬೇಕೆಂದು ನನಗೇ ಹೇಳಿಕೊಡುತ್ತಾನೆ, ಹೊಡೆಯಲು ಹೋದರೆ ಬೆರಳು ಮಾತು ಕೇಳುವುದಿಲ್ಲ. ನಾವು ಹತ್ತು ಸಲ ಮಾಡಿದ್ದು ಕೈಗೆ ರೂಢಿಯಾಗುತ್ತದೆ. ಅವನ ಕೈ ನೂರನೇ ಸಲವೂ ಹೊಸದಾಗಿ ಶುರುಮಾಡುತ್ತದೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ. 5ರಿಂದ 6ರಷ್ಟು ಮಂದಿಗೆ ಇದು ಇರುತ್ತದೆ ಎಂಬ ಅಂದಾಜಿದೆ. 40 ಮಕ್ಕಳ ಕ್ಲಾಸಿನಲ್ಲಿ ಇಬ್ಬರು. ನಮ್ಮ ಕ್ಲಾಸಿನಲ್ಲೂ ಇದ್ದರು, ಅವರನ್ನು ‘ಎಡವಟ್ಟ’ ಅನ್ನುತ್ತಿದ್ದೆವು.

ಇನ್ನು ಎಲೆಯ ಮೇಲಿನ ಅನ್ನ, ತಿಳಿಸಾರು. ಅನ್ನಕ್ಕೆ ಕಟ್ಟೆ ಕಟ್ಟಬೇಕು, ಸಾರು ಒಡೆದು ಹರಿಯುವ ಮೊದಲೇ ತಡೆಯಬೇಕು, ಬಿಸಿ ತಾಳಿಕೊಂಡು ಕಲಸಬೇಕು, ಬೆರಳು ಜೋಡಿಸಿ ಎತ್ತಬೇಕು, ಹೆಬ್ಬೆರಳಲ್ಲಿ ಬಾಯೊಳಗೆ ತಳ್ಳಬೇಕು. ಅಷ್ಟರಲ್ಲಿ ಪಾಯಸದವರು ಬಂದು ನಿಂತಿರುತ್ತಾರೆ. ನಿಮ್ಮ ಮಗಳ ರೇಷ್ಮೆ ಲಂಗದ ಮೇಲೆ ಸಾರು ಬೀಳದಿರಲಿ ಅಂತಲೂ ಚಮಚ. (ಒಮ್ಮೆ ಬಿದ್ದಿದೆ.)

ಬೆರಳಿಗೆ ಬಲ ಬರಲಿ ಎಂದು ಮೊದಲು ಮಣಿ ಪೋಣಿಸಿದ್ದೇ ಪೋಣಿಸಿದ್ದು. ಮಣಿ ಪೋಣಿಸುವುದು ಬಂತು, ಅಂಗಿ ಗುಂಡಿ ಹಾಕುವುದು ಬರಲಿಲ್ಲ. ಆಮೇಲೆ ಸಿಕ್ಕ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ಕಲಿಸುವ ಚಿಕಿತ್ಸಕರು) ಕೆನಡಾದಲ್ಲಿ ರೂಪುಗೊಂಡ ಕ್ರಮವೊಂದನ್ನು ಹಿಡಿದರು. ಏನು ಕಲಿಯಬೇಕೆಂದು ಮಗುವೇ ಹೇಳಬೇಕು, ಹೇಗೆಂದು ತಾನೇ ಯೋಚಿಸಬೇಕು, ಮಾಡಿ ನೋಡಬೇಕು, ಎಲ್ಲಿ ತಪ್ಪಿತೆಂದು ತಾನೇ ಕಂಡುಕೊಳ್ಳಬೇಕು. ಇವನು ಊಟ ಅನ್ನಲಿಲ್ಲ, ಬರವಣಿಗೆ ಅನ್ನಲಿಲ್ಲ. “ಗುಂಡಿ. ಪಿ.ಟಿ. ಆದ್ಮೇಲೆ ಬಟ್ಟೆ ಹಾಕ್ಕೊಳೋಕೆ ನಾನೊಬ್ನೇ ಉಳ್ಕೊತೀನಿ” ಅಂದ. ನನಗೆ ಗೊತ್ತೇ ಇರಲಿಲ್ಲ. ಕತ್ತಿನ ಹತ್ತಿರದ ಗುಂಡಿ ಕಣ್ಣಿಗೆ ಕಾಣುವುದಿಲ್ಲ, ಕೆಳಗಿನಿಂದ ಶುರುಮಾಡಿದರೆ ಸುಲಭ ಅಂತ ಅವನೇ ಕಂಡುಹಿಡಿದ. ಮೂರು ವಾರ ಹಿಡಿಯಿತು. ಕೈ ಕಟ್ಟಿ ಕೂರುವುದನ್ನು ಕಲಿಯಲು ನನಗೆ ಅದಕ್ಕಿಂತ ಹೆಚ್ಚು ಹಿಡಿಯಿತು.

ಶೂ ಲೇಸ್ ಕೈಬಿಟ್ಟೆವು, ವೆಲ್ಕ್ರೋ ಇದೆಯಲ್ಲ. ಬರವಣಿಗೆಯನ್ನು ಬಿಡುವ ಹಾಗಿಲ್ಲ. ‘ರಾಷ್ಟ್ರ’ ಬರೆದರೆ ಒತ್ತುಗಳು ಕೆಳಗಿನ ಸಾಲಿನ ತಲೆಯ ಮೇಲೆ ಹೋಗಿ ಕೂರುತ್ತವೆ, ಹಾಗಾಗಿ ಒಂದು ಸಾಲು ಬಿಟ್ಟು ಬರೆಯುತ್ತಾನೆ. ‘ಸೋಮಾರಿ’ ಅನ್ನುತ್ತಿದ್ದ ಟೀಚರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಒಂದು ಪುಟ ತೋರಿಸಿದೆ. ಕಲಿಕಾ ನ್ಯೂನತೆಗಳ ಪಟ್ಟಿಯಲ್ಲಿ ಡಿಸ್‌ಪ್ರಾಕ್ಸಿಯಾದ ಹೆಸರಿದೆ. ಓದಿ ಸುಮ್ಮನಾದರು, ಮುಂದಿನ ಟೆಸ್ಟಿನಲ್ಲಿ ಕಾಲು ಗಂಟೆ ಹೆಚ್ಚು ಕೊಟ್ಟರು.

ಹೋದ ಭಾನುವಾರ ಅವನೇ ಹೇಳಿದ: “ಅಮ್ಮಾ, ಮೊಸರನ್ನ ಅಂಟ್ಕೊಳತ್ತೆ, ಚೆಲ್ಲಲ್ಲ. ಅದನ್ನ ಕೈಯಲ್ಲೇ ತಿಂತೀನಿ. ಸಾರಿಗೆ ಮಾತ್ರ ಚಮಚ ಕೊಡು.” ಮುಂದಿನ ತಿಂಗಳು ನಾದಿನಿಯ ಮದುವೆ. ಚಮಚ ಬ್ಯಾಗಿನಲ್ಲೇ ಇರುತ್ತದೆ.